ಒತ್ತಕ್ಷರ ಒಡೆಯದಂತೆ ಕನ್ನಡ ಪುಸ್ತಕಗಳನ್ನು ಇ-ರೀಡರ್‌ಗೆ ತುಂಬಿಸುವುದು: ಹಾಸನ, ಚಿಕ್ಕಮಗಳೂರು ಸೀಮೆಯ ಓದುಗರಿಗೆ ಸಮಗ್ರ ಮಾರ್ಗದರ್ಶಿ

ಇ-ರೀಡರ್ ಕೊಂಡ ಕನ್ನಡ ಓದುಗರಲ್ಲಿ ಅನೇಕರು ಮೊದಲ ಪುಸ್ತಕ ಹಾಕಿದ ದಿನವೇ ಕೈಚೆಲ್ಲಿ, ಅದನ್ನು ಇಂಗ್ಲಿಷ್ ಓದಿಗೆ ಮೀಸಲಿಟ್ಟುಬಿಡುತ್ತಾರೆ. ಪರದೆ ತುಂಬ ಖಾಲಿ ಚೌಕಗಳು ಬಂದಿರುತ್ತವೆ, ಇಲ್ಲವೇ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಂತಿರುತ್ತವೆ, ಇಲ್ಲವೇ ಹಾಕಿದ ಪುಸ್ತಕ ಪಟ್ಟಿಯಲ್ಲೇ ಕಾಣುವುದಿಲ್ಲ. ಮೂರಕ್ಕೂ ಕಾರಣ ಬೇರೆ ಬೇರೆ, ಮೂರನ್ನೂ ಸರಿಪಡಿಸಬಹುದು. ಯಾವುದು ಯಾವುದರಿಂದ ಬಂತು ಎಂದು ಗುರುತಿಸಲು ಬಂದರೆ ಅರ್ಧ ಕೆಲಸ ಮುಗಿದಂತೆ.

ಕಂಪ್ಯೂಟರಿಗೆ ಕ್ಯಾಲಿಬರ್ ಎಂಬ ಇ-ಪುಸ್ತಕ ತಂತ್ರಾಂಶ ಹಾಕಿಕೊಳ್ಳುವುದು, ಕನ್ನಡ ಕಡತವನ್ನು ಅದರಲ್ಲಿ ಸಿದ್ಧಮಾಡುವುದು, ಆಮೇಲೆ ಕಿಂಡಲ್, ಕೋಬೋ ಅಥವಾ ಫೋನಿಗೆ ದಾಟಿಸುವುದು, ಇಷ್ಟೂ ಇಲ್ಲಿದೆ. ಕಳಸ, ಕೊಪ್ಪ, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ, ಸಕಲೇಶಪುರದಿಂದ ಒಳಗೆ ಹೋದ ಊರುಗಳಲ್ಲಿ ಜೂನ್ ಬಂತೆಂದರೆ ಕರೆಂಟ್ ಮತ್ತು ನೆಟ್‌ವರ್ಕ್ ಎರಡನ್ನೂ ನಂಬುವಂತಿಲ್ಲ. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ನಡೆಯುವ ಇ-ಇಂಕ್ ರೀಡರ್ ನಿಜವಾಗಿ ಬೇಕಾಗುವುದು ಅಂಥ ದಿನಗಳಲ್ಲೇ. ಹಾಗಾಗಿ ಇಂಟರ್ನೆಟ್ ಇಲ್ಲದೆ ಆಗುವ ದಾರಿಯನ್ನೇ ಎಲ್ಲ ಕಡೆ ಮುಂದಿಟ್ಟಿದ್ದೇವೆ.

ಪೇಟೆಯಲ್ಲಿದ್ದಾಗಲೇ ಇಳಿಸಿಕೊಳ್ಳಬೇಕಾದವು

ಒಳ್ಳೆಯ ನೆಟ್ ಸಿಗುವ ಕಡೆ, ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ, ಇವಿಷ್ಟನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಮನೆಯಲ್ಲಿ ಮತ್ತೆ ನೆಟ್ ಬೇಡ: ಕ್ಯಾಲಿಬರ್ ಇನ್‌ಸ್ಟಾಲರ್ (200 ಎಂಬಿಯ ಆಸುಪಾಸು), ನೋಟೋ ಸೆರಿಫ್ ಕನ್ನಡ ಫಾಂಟ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಫೋನ್ ಇದ್ದರೆ ಕೆಓರೀಡರ್ ಎಂಬ ಓದುವ ತಂತ್ರಾಂಶದ ಎಪಿಕೆ (ಇನ್‌ಸ್ಟಾಲ್) ಕಡತ. ಎಲ್ಲವೂ ಉಚಿತ.

ಕ್ಯಾಲಿಬರನ್ನು ಅದರ ಅಧಿಕೃತ ತಾಣ ಕ್ಯಾಲಿಬರ್-ಇಬುಕ್ ಡಾಟ್ ಕಾಮ್‌ನಿಂದಲೇ ಇಳಿಸಿ. ಹುಡುಕಿದಾಗ ಮೇಲ್ಗಡೆ ಬರುವ ಜಾಹೀರಾತು ಕೊಂಡಿಗಳಲ್ಲಿ ಬೇರೆ ತಂತ್ರಾಂಶ ಅಂಟಿಕೊಂಡು ಬರುವುದುಂಟು. ಕೋವಿದ್ ಗೋಯಲ್ 2006ರಲ್ಲಿ ಶುರುಮಾಡಿದ ಮುಕ್ತ ತಂತ್ರಾಂಶ ಇದು. ಹಣ ಕೇಳುವ ಕ್ಯಾಲಿಬರ್ ಎಲ್ಲಾದರೂ ಕಂಡರೆ ಅದು ಅಸಲಿಯಲ್ಲ.

ಫಾಂಟ್ ವಿಷಯದಲ್ಲಿ ಒಂದು ಎಚ್ಚರ. ಗೂಗಲ್ ಫಾಂಟ್ಸ್‌ನಿಂದ ಇಳಿಸಿದ ಜಿಪ್ ಬಿಚ್ಚಿದರೆ ಹೊರಗೆ ಒಂದು ವೇರಿಯಬಲ್ ಫಾಂಟ್ (ಎಲ್ಲ ದಪ್ಪಗಳೂ ಒಂದೇ ಕಡತದಲ್ಲಿರುವುದು), ಒಳಗೆ ‘ಸ್ಟ್ಯಾಟಿಕ್’ ಎಂಬ ಫೋಲ್ಡರ್ ಸಿಗುತ್ತವೆ. ನಿಮಗೆ ಬೇಕಾದದ್ದು ಸ್ಟ್ಯಾಟಿಕ್ ಒಳಗಿನ ರೆಗ್ಯುಲರ್ ಮತ್ತು ಬೋಲ್ಡ್ ಎರಡೇ. ವೇರಿಯಬಲ್ ಫಾಂಟ್ ಹಳೆಯ ರೀಡರ್‌ಗಳಿಗೆ ಅರ್ಥವಾಗುವುದಿಲ್ಲ, ಕೆಲವದರಲ್ಲಿ ಅಕ್ಷರವೆಲ್ಲ ತೆಳ್ಳಗೆ ಬರುತ್ತದೆ. ಹಳಗನ್ನಡ ಓದುವವರಾದರೆ ಆಯ್ದ ಫಾಂಟಿನಲ್ಲಿ ಱ ಮತ್ತು ೞ ಇವೆಯೇ ಎಂದು ಮೊದಲೇ ನೋಡಿಕೊಳ್ಳಿ.

ಕ್ಯಾಲಿಬರ್ ಹಾಕುವುದು

ವಿಂಡೋಸ್ 10 ಅಥವಾ 11, 64 ಬಿಟ್ ಆಗಿದ್ದರೆ ಈಗಿನ ಆವೃತ್ತಿಯನ್ನೇ ಹಾಕಿ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂದು ಹೋದರೆ ಎಷ್ಟು ಬಿಟ್ ಎನ್ನುವುದು ಗೊತ್ತಾಗುತ್ತದೆ. ವಿಂಡೋಸ್ 7, 8 ಅಥವಾ 32 ಬಿಟ್ ಕಂಪ್ಯೂಟರ್ ಆಗಿದ್ದರೆ ಹೊಸ ಇನ್‌ಸ್ಟಾಲರ್ ನಡೆಯುವುದಿಲ್ಲ. ಅಂಥವಕ್ಕೆ ಕೊನೆಯದಾಗಿ ಬಂದ ಆವೃತ್ತಿ 5.44. ಅದೇ ತಾಣದಲ್ಲಿ ಹಳೆಯ ಆವೃತ್ತಿಗಳ ಪುಟದಲ್ಲಿ ಸಿಗುತ್ತದೆ, ಇಲ್ಲಿ ಹೇಳುವ ಬಹುಪಾಲು ಕೆಲಸಕ್ಕೆ ಅದು ಸಾಕು. ಲಿನಕ್ಸ್ ಬಳಸುವವರು ಡಿಸ್ಟ್ರೋದ ಭಂಡಾರದಲ್ಲಿರುವುದನ್ನು ಬಿಟ್ಟು ತಾಣದಲ್ಲಿ ಕೊಟ್ಟಿರುವ ಇನ್‌ಸ್ಟಾಲರನ್ನೇ ಬಳಸಿ, ಭಂಡಾರದ್ದು ಸಾಮಾನ್ಯವಾಗಿ ಹಳೆಯದಾಗಿರುತ್ತದೆ.

ಕಾಲೇಜಿನ ಅಥವಾ ಬೇರೆಯವರ ಕಂಪ್ಯೂಟರಿನಲ್ಲಿ ಕೆಲಸ ಮಾಡಬೇಕಾದವರಿಗೆ ಕ್ಯಾಲಿಬರ್ ಪೋರ್ಟಬಲ್ ಇದೆ. ಪೆನ್‌ಡ್ರೈವ್‌ನಲ್ಲಿ ತಂತ್ರಾಂಶ, ಪುಸ್ತಕ, ಸೆಟ್ಟಿಂಗ್ ಎಲ್ಲ ಒಟ್ಟಿಗೆ ಇರುತ್ತವೆ. ಹಾಕುವ ಫೋಲ್ಡರಿನ ಪೂರ್ತಿ ವಿಳಾಸ 59 ಅಕ್ಷರಕ್ಕಿಂತ ಕಡಿಮೆ ಇರಬೇಕೆಂಬುದು ಅದರ ಷರತ್ತು, ಆದ್ದರಿಂದ ಫೋಲ್ಡರೊಳಗೆ ಫೋಲ್ಡರ್ ಮಾಡದೆ ಪೆನ್‌ಡ್ರೈವಿನ ಮೊದಲ ಮಟ್ಟದಲ್ಲೇ ಹಾಕಿ.

ಮೊದಲ ಸಲ ತೆರೆದಾಗ ಮೂರು ಪ್ರಶ್ನೆ ಬರುತ್ತವೆ: ಭಾಷೆ, ಪುಸ್ತಕಗಳನ್ನು ಇಡುವ ಜಾಗ, ನಿಮ್ಮ ಸಾಧನ. ಜಾಗ ಆರಿಸುವಾಗ ಒನ್‌ಡ್ರೈವ್, ಗೂಗಲ್ ಡ್ರೈವ್ ಫೋಲ್ಡರುಗಳನ್ನು ಮುಟ್ಟಬೇಡಿ. ಕ್ಯಾಲಿಬರ್ ಎಲ್ಲ ಪುಸ್ತಕಗಳ ವಿವರವನ್ನು ಒಂದೇ ಡೇಟಾಬೇಸ್ ಕಡತದಲ್ಲಿ ಬರೆಯುತ್ತಿರುತ್ತದೆ. ನೆಟ್ ಬಂದು ಹೋಗಿ ಆಗುವ ಕಡೆ ಸಿಂಕ್ ಅರ್ಧಕ್ಕೆ ನಿಂತರೆ ಆ ಕಡತವೇ ಕೆಟ್ಟು ಪಟ್ಟಿ ಅಸ್ತವ್ಯಸ್ತವಾಗುತ್ತದೆ. ಡಿ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ ಅದನ್ನು ತೋರಿಸಿದರೆ ಸಾಕು. ಸೇರಿಸಿದ ಪ್ರತಿ ಪುಸ್ತಕದ ಒಂದು ನಕಲನ್ನು ಕ್ಯಾಲಿಬರ್ ಆ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ. ಅದರೊಳಗೆ ಹೋಗಿ ಕೈಯಾರೆ ಹೆಸರು ಬದಲಿಸುವುದು, ಕಡತ ಸರಿಸುವುದು ಬೇಡ.

ಬಳಿಕ ಫಾಂಟ್. ಕಡತದ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಕೊಡಿ, ಕ್ಯಾಲಿಬರನ್ನು ಮುಚ್ಚಿ ತೆರೆಯಿರಿ. ತೆರೆದುಕೊಂಡೇ ಇದ್ದರೆ ಹೊಸ ಫಾಂಟ್ ಅದರ ಪಟ್ಟಿಗೆ ಬರುವುದಿಲ್ಲ.

ಊರುಗಳ ಹೆಸರಿನ ಪರೀಕ್ಷಾ ಪುಟ

ಪುಸ್ತಕಕ್ಕೆ ಕೈ ಹಾಕುವ ಮೊದಲು ಒಂದು ಪುಟದ ಪರೀಕ್ಷಾ ಕಡತ ಮಾಡಿಕೊಳ್ಳಿ. ಈ ಒಂದು ಹಂತವನ್ನು ಬಿಟ್ಟವರು ಮುನ್ನೂರು ಪುಟದ ಪುಸ್ತಕವನ್ನು ಮತ್ತೆ ಮತ್ತೆ ಪರಿವರ್ತಿಸುತ್ತ ಕೂರುತ್ತಾರೆ. ಕನ್ನಡ ಲಿಪಿಯ ಬಹುಪಾಲು ಕಠಿಣ ಜಾಗಗಳು ನಮ್ಮ ಎರಡು ಜಿಲ್ಲೆ ಮತ್ತು ಆಸುಪಾಸಿನ ಊರು, ಗುಡ್ಡ, ಗುಡಿಗಳ ಹೆಸರಿನಲ್ಲೇ ಸಿಗುತ್ತವೆ. ಇವನ್ನು ಯೂನಿಕೋಡ್‌ನಲ್ಲಿ (ಎಲ್ಲ ಸಾಧನಗಳಿಗೂ ಅರ್ಥವಾಗುವ ಅಕ್ಷರ ಸಂಕೇತದಲ್ಲಿ) ಟೈಪ್ ಮಾಡಿ, ಒಂದು ಸಾಲಿಗೆ ಒಂದರಂತೆ:

ಚಿಕ್ಕಮಗಳೂರು
ಮುಳ್ಳಯ್ಯನಗಿರಿ
ಕೆಮ್ಮಣ್ಣುಗುಂಡಿ
ಶೃಂಗೇರಿ
ಶ್ರವಣಬೆಳಗೊಳ
ಹೊಯ್ಸಳೇಶ್ವರ
ಚಾರ್ಮಾಡಿ
ಲಕ್ಷ್ಮೀನರಸಿಂಹ
ಸಾಫ್ಟ್‌ವೇರ್
ರ‍್ಯಾಂಕ್

ಮೊದಲ ಮೂರು ಸಜಾತಿಯ ಒತ್ತುಗಳಿಗೆ. ಶೃಂಗೇರಿ ವಟ್ರಸುಳಿ ಮತ್ತು ಸೊನ್ನೆಗೆ. ಶ್ರವಣಬೆಳಗೊಳದಲ್ಲಿ ರ ಒತ್ತೂ ಇದೆ, ಒತ್ವವೂ ಇದೆ. ಹೊಯ್ಸಳೇಶ್ವರದಲ್ಲಿ ವಿಜಾತಿಯ ಒತ್ತುಗಳ ಜೊತೆಗೆ ದೀರ್ಘದ ಗುರುತು ಇದೆ. ಚಾರ್ಮಾಡಿ ಅರ್ಕಾವೊತ್ತಿಗೆ: ಯೂನಿಕೋಡ್‌ನಲ್ಲಿ ರಕಾರ ಮೊದಲು, ಮಕಾರ ಆಮೇಲೆ; ತೆರೆಯ ಮೇಲೆ ಮಾತ್ರ ರಕಾರ ಮಕಾರದ ಬಲಕ್ಕೆ ದಾಟಿ ಬರಬೇಕು. ಈ ಅದಲುಬದಲು ಬಲ್ಲ ತಂತ್ರಾಂಶಕ್ಕಷ್ಟೇ ಕನ್ನಡ ಬರುತ್ತದೆ ಎಂದು ತಿಳಿಯಿರಿ. ಲಕ್ಷ್ಮಿಯಲ್ಲಿ ಒಂದರ ಕೆಳಗೆ ಎರಡು ಒತ್ತು. ಕೊನೆಯ ಎರಡು ಪದಗಳಲ್ಲಿ ಕಣ್ಣಿಗೆ ಕಾಣದ ಜೋಡಣೆಯ ಗುರುತುಗಳಿವೆ, ಕೆಲವು ರೀಡರ್‌ಗಳು ಅವನ್ನೇ ಚೌಕವಾಗಿ ತೋರಿಸಿಬಿಡುತ್ತವೆ.

ಈ ಪುಟವನ್ನು ಸಾಧನದಲ್ಲಿ ತೆರೆದಾಗ ಏನು ಕಂಡರೆ ಏನರ್ಥ? ಎಲ್ಲ ಕಡೆ ಚೌಕಗಳಿದ್ದರೆ ಕನ್ನಡ ಫಾಂಟೇ ಇಲ್ಲ. ಅಕ್ಷರ ಬಂದು, ‘ಚಿಕ್ಕ’ ಎಂಬುದು ಚಿ, ಕ್, ಕ ಎಂದು ಬಿಡಿಯಾಗಿ ನಿಂತರೆ ಫಾಂಟ್ ಇದೆ, ಆದರೆ ಅಕ್ಷರಗಳನ್ನು ಕೂಡಿಸುವ ಭಾಗ ಕೆಲಸ ಮಾಡುತ್ತಿಲ್ಲ. ಇಲ್ಲಿ ಎಷ್ಟು ಫಾಂಟ್ ಬದಲಿಸಿದರೂ ಪ್ರಯೋಜನವಿಲ್ಲ, ಕಡತದ ಬಗೆ ಅಥವಾ ಓದುವ ತಂತ್ರಾಂಶ ಬದಲಾಗಬೇಕು. ಸ್ವರಚಿಹ್ನೆಗಳು ಚುಕ್ಕಿಗಳಿಂದಾದ ವೃತ್ತದ ಮೇಲೆ ಕೂತಿದ್ದರೆ ಮೂಲ ಪಠ್ಯದಲ್ಲೇ ಅಕ್ಷರಕ್ಕೂ ಚಿಹ್ನೆಗೂ ನಡುವೆ ಏನೋ ನುಸುಳಿದೆ, ಬಹುತೇಕ ಪಿಡಿಎಫ್‌ನಿಂದ ಎಳೆದ ಪಠ್ಯದಲ್ಲಿ ಹೀಗಾಗುತ್ತದೆ. ಕನ್ನಡದ ಬದಲು ತಲೆಯ ಮೇಲೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು ಕಂಡರೆ ಅದು ಯೂನಿಕೋಡ್ ಪಠ್ಯವೇ ಅಲ್ಲ.

ಪುಸ್ತಕ ಎಲ್ಲಿಂದ, ಯಾವ ರೂಪದಲ್ಲಿ

ಕನ್ನಡ ವಿಕಿಸೋರ್ಸ್‌ನ ಪುಸ್ತಕಗಳನ್ನು ನೇರವಾಗಿ ಇಪಬ್ (ಇ-ಪುಸ್ತಕಗಳ ಸಾಮಾನ್ಯ ಕಡತದ ಬಗೆ) ಆಗಿ ಇಳಿಸಿಕೊಳ್ಳಬಹುದು, ಪಠ್ಯ ಯೂನಿಕೋಡ್‌ನಲ್ಲೇ ಇರುವುದರಿಂದ ರೀಡರ್‌ಗೆ ಇದಕ್ಕಿಂತ ಒಳ್ಳೆಯ ಮೂಲವಿಲ್ಲ. ಕರ್ನಾಟಕ ಸರ್ಕಾರದ ಕಣಜ ತಾಣದಲ್ಲೂ ಓದಲು ಬೇಕಾದಷ್ಟಿದೆ. ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆಯುವವರೆಗೆ ಕೃತಿಸ್ವಾಮ್ಯ ಇರುತ್ತದೆ. ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಹೊಸ ಕಾದಂಬರಿಗಳ ಸ್ಕ್ಯಾನ್ ಪ್ರತಿಗಳಿಂದ ದೂರ ಇರಿ, ಕನ್ನಡದ ಲೇಖಕರಿಗೆ ಸಿಗುವ ಗೌರವಧನ ಮೊದಲೇ ಕಡಿಮೆ. ಆ್ಯಪ್ ಒಳಗೆ ಹಣ ಕೊಟ್ಟು ಕೊಂಡ ಪುಸ್ತಕ ಸಾಮಾನ್ಯವಾಗಿ ಬೀಗ ಹಾಕಿದ ಕಡತವಾಗಿರುತ್ತದೆ, ಅದನ್ನು ಕ್ಯಾಲಿಬರ್ ತೆರೆಯುವುದಿಲ್ಲ. ಕೊಂಡ ಆ್ಯಪ್‌ನಲ್ಲೇ ಓದಬೇಕು.

ಇನ್ನು ನಿಮ್ಮದೇ ಬರಹ, ಮನೆಯ ಹಿರಿಯರು ಟೈಪ್ ಮಾಡಿಸಿಟ್ಟ ಹಸ್ತಪ್ರತಿ, ಸಂಘದ ಸ್ಮರಣ ಸಂಚಿಕೆ ಇಂಥವು. ಇವುಗಳಲ್ಲಿ ಬಹುಪಾಲು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಇರುತ್ತವೆ. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದ್ದರು, ಫಾಂಟ್ ಹೋದರೆ ಕನ್ನಡವೂ ಹೋಗುತ್ತದೆ. ಗುರುತಿಸುವುದು ಸುಲಭ: ಒಂದು ಸಾಲನ್ನು ನಕಲಿಸಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಕನ್ನಡವಾಗಿಯೇ ಉಳಿದರೆ ಯೂನಿಕೋಡ್. ಕಲಸುಮೇಲೋಗರವಾದರೆ ಮೊದಲು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತನ್ನಿ. ನುಡಿ, ಬರಹ ಎರಡರಲ್ಲೂ ಪರಿವರ್ತಕ ಇದೆ. ಪರಿವರ್ತನೆಯ ನಂತರ ಕಣ್ಣಿಟ್ಟು ನೋಡಬೇಕಾದ ಜಾಗ ಎರಡು. ನಡುನಡುವೆ ಇಂಗ್ಲಿಷಿನಲ್ಲೇ ಟೈಪ್ ಮಾಡಿದ್ದ ಪದಗಳನ್ನು ಪರಿವರ್ತಕ ಕನ್ನಡದ ತುಣುಕುಗಳೆಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿರುತ್ತದೆ. ಅರ್ಕಾವೊತ್ತು ಇರುವ ಪದಗಳಲ್ಲೂ ಆಗಾಗ ತಪ್ಪುತ್ತದೆ. ಇವೆರಡನ್ನು ತಿದ್ದಿಯೇ ಮುಂದೆ ಹೋಗಿ.

ಹಳೆಯ ಡಾಕ್ ಕಡತವನ್ನು ಕ್ಯಾಲಿಬರ್ ಓದುವುದಿಲ್ಲ, ಡಾಕ್ಸ್ ಓದುತ್ತದೆ. ಲಿಬ್ರೆಆಫೀಸ್‌ನಲ್ಲಿ ತೆರೆದು ಡಾಕ್ಸ್ ಆಗಿ ಉಳಿಸಿ. ಅಧ್ಯಾಯದ ಹೆಸರುಗಳಿಗೆ ಬರಿದೇ ದಪ್ಪ ಅಕ್ಷರ ಕೊಡದೆ ‘ಹೆಡಿಂಗ್ 1’ ಶೈಲಿ ಕೊಟ್ಟರೆ ಪರಿವಿಡಿ ತಾನಾಗಿ ಮೂಡುತ್ತದೆ. ನೋಟ್‌ಪ್ಯಾಡ್ ಕಡತವಾದರೆ ಯುಟಿಎಫ್-8 ಎಂದು ಆರಿಸಿಯೇ ಉಳಿಸಿ. ಆನ್ಸಿ ಎಂದು ಉಳಿಸಿದರೆ ಪ್ರತಿ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ಹಾಗಾದ ಪಠ್ಯವನ್ನು ಮತ್ತೆ ಪಡೆಯಲು ಯಾವ ದಾರಿಯೂ ಇಲ್ಲ.

ಪಿಡಿಎಫ್‌ಗಳ ಕಥೆ ಬೇರೆ. ಅದರಲ್ಲಿರುವುದು ಅಕ್ಷರದ ಆಕಾರ, ಅಕ್ಷರವಲ್ಲ. ಒಂದು ಪ್ಯಾರಾ ನಕಲಿಸಿ ಅಂಟಿಸಿ ನೋಡಿ; ಒತ್ತು, ದೀರ್ಘ ಎಲ್ಲ ಜಾಗದಲ್ಲೇ ಬಂದರೆ ಮಾತ್ರ ಪರಿವರ್ತಿಸಿ. ಕನ್ನಡ ಪಿಡಿಎಫ್‌ಗಳಲ್ಲಿ ಹಾಗೆ ಬರುವುದು ಅಪರೂಪ. ಸ್ಕ್ಯಾನ್ ಮಾಡಿದ್ದಾದರೆ ಪುಟವೆಲ್ಲ ಚಿತ್ರ, ಅಂಟಿಸಲು ಏನೂ ಸಿಗುವುದಿಲ್ಲ. ಅದನ್ನು ಹತ್ತು ಹತ್ತು ಪುಟಗಳ ಕಡತವಾಗಿ ಒಡೆದು ಗೂಗಲ್ ಡ್ರೈವ್‌ಗೆ ಏರಿಸಿ, ‘ಓಪನ್ ವಿತ್ ಗೂಗಲ್ ಡಾಕ್ಸ್’ ಕೊಟ್ಟರೆ ಪಠ್ಯ ಹೊರಬರುತ್ತದೆ. ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶಕ್ಕೂ ಕನ್ನಡ ಬರುತ್ತದೆ, ನೆಟ್ ಬೇಡ. ಯಾವುದನ್ನು ಬಳಸಿದರೂ ಕರಡು ತಿದ್ದುವ ಕೆಲಸ ತಪ್ಪಿದ್ದಲ್ಲ. ಅಷ್ಟು ತಾಳ್ಮೆ ಇಲ್ಲದವರು ಸ್ಕ್ಯಾನನ್ನು ಕೆಓರೀಡರ್‌ನಲ್ಲಿ ಓದುವುದೇ ಮೇಲು, ಅಂಚು ಕತ್ತರಿಸಿ ಪುಟವನ್ನು ಪರದೆಯ ಅಗಲಕ್ಕೆ ತಂದುಕೊಡುತ್ತದೆ.

ಪರಿವರ್ತನೆ

ಪುಸ್ತಕವನ್ನು ಕ್ಯಾಲಿಬರ್ ಕಿಟಕಿಯೊಳಗೆ ಎಳೆದು ಬಿಡಿ. ‘ಎಡಿಟ್ ಮೆಟಾಡೇಟಾ’ ತೆರೆದು ಹೆಸರು, ಲೇಖಕರು ಸರಿಯಿವೆಯೇ ನೋಡಿ, ಭಾಷೆಯ ಜಾಗದಲ್ಲಿ ಕನ್ನಡ ಎಂದು ಆರಿಸಿ. ಬಹಳ ಜನ ಇದನ್ನು ಖಾಲಿ ಬಿಡುತ್ತಾರೆ. ಓದುವ ತಂತ್ರಾಂಶ ಭಾಷೆಯನ್ನು ನೋಡಿಕೊಂಡು ಫಾಂಟ್, ನಿಘಂಟು ಹುಡುಕುವುದರಿಂದ ತುಂಬುವುದೇ ಒಳ್ಳೆಯದು.

ಈಗ ‘ಕನ್ವರ್ಟ್ ಬುಕ್ಸ್’ ಒತ್ತಿ. ಬಲ ಮೇಲ್ತುದಿಯಲ್ಲಿ ಔಟ್‌ಪುಟ್ ಫಾರ್ಮ್ಯಾಟ್: ಕಿಂಡಲ್‌ಗೆ ತಂತಿಯಲ್ಲಿ ಹಾಕುವುದಾದರೆ ಎಝಡ್‌ಡಬ್ಲ್ಯು3 (AZW3), ಉಳಿದ ಎಲ್ಲಕ್ಕೂ ಇಪಬ್. ಮೋಬಿ ಬೇಡ, ಅದು ತೀರಾ ಹಳೆಯದು. ಎಡಗಡೆ ‘ಲುಕ್ ಅಂಡ್ ಫೀಲ್’ಗೆ ಹೋಗಿ. ಕನ್ನಡದ ಹಣೆಬರಹ ನಿರ್ಧಾರವಾಗುವುದು ಇಲ್ಲೇ.

‘ಎಂಬೆಡ್ ಫಾಂಟ್ ಫ್ಯಾಮಿಲಿ’ಯಲ್ಲಿ ನೋಟೋ ಸೆರಿಫ್ ಕನ್ನಡ ಆರಿಸಿ. ಫಾಂಟ್ ಪುಸ್ತಕದೊಳಗೇ ಸೇರಿಕೊಂಡು ಸಾಧನದ ಫಾಂಟಿನ ಹಂಗು ತಪ್ಪುತ್ತದೆ. ಪಕ್ಕದಲ್ಲೇ ಇರುವ ‘ಸಬ್‌ಸೆಟ್ ಆಲ್ ಎಂಬೆಡೆಡ್ ಫಾಂಟ್ಸ್’ಗೆ ಟಿಕ್ ಹಾಕಬೇಡಿ. ಪುಸ್ತಕದಲ್ಲಿ ಬಳಕೆಯಾಗದ ಆಕಾರಗಳನ್ನು ಕಿತ್ತು ಕಡತ ಚಿಕ್ಕದು ಮಾಡುವ ಸೌಲಭ್ಯ ಅದು, ಕಿತ್ತಿದ್ದರಲ್ಲಿ ಒತ್ತಕ್ಷರದ ರೂಪಗಳೂ ಸೇರಿಹೋಗುವ ಅಪಾಯ ಇದೆ. ಕನ್ನಡ ಫಾಂಟ್ ಮೊದಲೇ ಚಿಕ್ಕ ಕಡತ, ಉಳಿತಾಯ ಏನೂ ಇಲ್ಲ.

‘ಮಿನಿಮಮ್ ಲೈನ್ ಹೈಟ್’ 120 ಪ್ರತಿಶತ ಇರುತ್ತದೆ, 150 ಮಾಡಿ. ಇಂಗ್ಲಿಷಿಗೆ ಲೆಕ್ಕ ಹಾಕಿದ ಅಂತರದಲ್ಲಿ ಒಂದು ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ, ‘ಲಕ್ಷ್ಮೀ’ ಬಂದ ಕಡೆಯಲ್ಲಂತೂ ಖಂಡಿತ. ‘ಟೆಕ್ಸ್ಟ್ ಜಸ್ಟಿಫಿಕೇಶನ್’ನಲ್ಲಿ ಎಡಕ್ಕೆ ಹೊಂದಿಸಿ. ಕನ್ನಡದ ಉದ್ದ ಪದಗಳನ್ನು ಎರಡೂ ಅಂಚಿಗೆ ಹೊಂದಿಸಲು ಹೋದರೆ ಆರಿಂಚಿನ ಪರದೆಯಲ್ಲಿ ಪದಗಳ ನಡುವೆ ದೊಡ್ಡ ದೊಡ್ಡ ಖಾಲಿ ಬೀಳುತ್ತವೆ.

ಓಕೆ ಕೊಡಿ. ಕೆಳಗೆ ಬಲಮೂಲೆಯಲ್ಲಿ ‘ಜಾಬ್ಸ್’ ಸೊನ್ನೆಗೆ ಇಳಿಯುವವರೆಗೆ ಕಾಯಿರಿ. ಇದೇ ಆಯ್ಕೆಗಳನ್ನು ‘ಪ್ರಿಫರೆನ್ಸಸ್’ನ ‘ಕಾಮನ್ ಆಪ್ಶನ್ಸ್’ನಲ್ಲಿ ಒಮ್ಮೆ ಉಳಿಸಿಟ್ಟರೆ ಪ್ರತಿ ಪುಸ್ತಕಕ್ಕೂ ಮತ್ತೆ ಕೊಡುವ ಕೆಲಸವಿಲ್ಲ.

ಕಿಂಡಲ್‌ಗೆ

ಮೊದಲು ಕೇಬಲ್. 2018ರ ಪೇಪರ್‌ವೈಟ್‌ವರೆಗೆ ಮೈಕ್ರೋ ಯುಎಸ್‌ಬಿ, 2021ರ ಪೇಪರ್‌ವೈಟ್‌ನಿಂದ ಈಚೆಗೆ ಟೈಪ್-ಸಿ. ಬಸ್‌ಸ್ಟ್ಯಾಂಡ್ ಅಂಗಡಿಗಳಲ್ಲಿ ಸಿಗುವ ಅಗ್ಗದ ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುವುದುಂಟು, ಡೇಟಾ ತಂತಿ ಇರುವುದಿಲ್ಲ. ಕಿಂಡಲ್ ಚಾರ್ಜ್ ಆಗುತ್ತಿದೆ, ಕಂಪ್ಯೂಟರ್‌ಗೆ ಕಾಣುತ್ತಿಲ್ಲ ಎಂದರೆ ಬೇರೇನೂ ಕೆದಕುವ ಮೊದಲು ಕೇಬಲ್ ಬದಲಿಸಿ.

ಜೋಡಿಸಿದಾಗ ಹಳೆಯ ಕಿಂಡಲ್ ಪೆನ್‌ಡ್ರೈವ್‌ನಂತೆ ಒಂದು ಡ್ರೈವ್ ಆಗಿ ಬರುತ್ತದೆ. 2024ರ ಮಾದರಿಗಳು ಎಂಟಿಪಿ ವಿಧಾನದಲ್ಲಿ ಕೂಡಿಕೊಳ್ಳುತ್ತವೆ, ಡ್ರೈವ್ ಅಕ್ಷರ ಬರುವುದಿಲ್ಲ, ‘ದಿಸ್ ಪಿಸಿ’ ಒಳಗೆ ಫೋನಿನಂತೆ ಕಾಣುತ್ತವೆ. ಮ್ಯಾಕ್‌ನಲ್ಲಿ ಫೈಂಡರ್‌ಗೆ ಅವು ಕಾಣುವುದೇ ಇಲ್ಲ, ಕ್ಯಾಲಿಬರ್‌ಗೆ ಕಾಣುತ್ತವೆ. ಒಂದು ಸಲಕ್ಕೆ ಒಂದೇ ತಂತ್ರಾಂಶ ಮಾತಾಡಬಲ್ಲದಾದ್ದರಿಂದ ಫೋಟೋ, ಫೈಲ್ ವರ್ಗಾವಣೆಯ ಬೇರೆ ತಂತ್ರಾಂಶಗಳನ್ನು ಮುಚ್ಚಿಟ್ಟು ಜೋಡಿಸಿ.

ಕ್ಯಾಲಿಬರ್ ಮೇಲ್ಪಟ್ಟಿಯಲ್ಲಿ ‘ಡಿವೈಸ್’ ಗುಂಡಿ ಮೂಡಿದ ಮೇಲೆ ಪರೀಕ್ಷಾ ಪುಟವನ್ನು ಆರಿಸಿ ‘ಸೆಂಡ್ ಟು ಡಿವೈಸ್’ ಒತ್ತಿ. ಕಿಂಡಲ್‌ನ ‘ಫಾಂಟ್ಸ್’ ಫೋಲ್ಡರಿಗೆ ನೋಟೋದ ರೆಗ್ಯುಲರ್, ಬೋಲ್ಡ್ ಎರಡನ್ನೂ ನಕಲಿಸಿ. ‘ಇಜೆಕ್ಟ್’ ಕೊಟ್ಟೇ ಕೇಬಲ್ ತೆಗೆಯಿರಿ. ಪುಟ ತೆರೆದು ಎಎ ಪಟ್ಟಿಯಲ್ಲಿ ‘ಪಬ್ಲಿಷರ್ ಫಾಂಟ್’ ಆರಿಸಿದರೆ ಪುಸ್ತಕದೊಳಗೆ ಹಾಕಿದ ಫಾಂಟ್ ಬಳಕೆಗೆ ಬರುತ್ತದೆ. ಇದನ್ನು ಆರಿಸದೆ ಫಾಂಟ್ ಬರಲಿಲ್ಲ ಎನ್ನುವವರೇ ಹೆಚ್ಚು.

ಇಪಬ್ ಕಡತವನ್ನು ತಂತಿಯಲ್ಲಿ ನಕಲಿಸಿದರೆ ಕಿಂಡಲ್ ಅದನ್ನು ತೋರಿಸುವುದೇ ಇಲ್ಲ, ಪುಸ್ತಕ ಪಟ್ಟಿಯಲ್ಲಿ ಕಾಣದಿರಲು ಮುಖ್ಯ ಕಾರಣ ಇದೇ. ಇಪಬ್ ಸ್ವೀಕರಿಸುವುದು ‘ಸೆಂಡ್ ಟು ಕಿಂಡಲ್’ ಸೇವೆ. ನಿಮ್ಮ ಕಿಂಡಲ್‌ನ ಇಮೇಲ್ ವಿಳಾಸಕ್ಕೆ ಲಗತ್ತಿಸಿ ಕಳಿಸಬಹುದು (50 ಎಂಬಿ ಮಿತಿ), ತಾಣದ ಮೂಲಕ ಏರಿಸಬಹುದು (200 ಎಂಬಿ ಮಿತಿ). ಕಳಿಸುವ ಇಮೇಲನ್ನು ಅಮೆಜಾನ್ ಖಾತೆಯ ಅನುಮತಿ ಪಟ್ಟಿಗೆ ಮೊದಲೇ ಸೇರಿಸಿರಬೇಕು. ಅಮೆಜಾನಿನ ಸರ್ವರ್ ಕಡತವನ್ನು ಬೇರೆ ಬಗೆಗೆ ಪರಿವರ್ತಿಸಿ ಕೊಡುತ್ತದೆ. ಆದ್ದರಿಂದ ತಂತಿಯಲ್ಲಿ ಹಾಕಿದಾಗ ಒತ್ತಕ್ಷರ ಒಡೆದರೆ, ಅದೇ ಪರೀಕ್ಷಾ ಪುಟದ ಇಪಬ್ ರೂಪವನ್ನು ಹೀಗೆ ಕಳಿಸಿ ಹೋಲಿಸಿ ನೋಡಿ. ಹಳೆಯ ಕಿಂಡಲ್‌ಗಳು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ, ಫೋನಿನ ಹಾಟ್‌ಸ್ಪಾಟ್ 5ರಲ್ಲಿದ್ದರೆ ಅದರ ಹೆಸರೇ ಕಾಣುವುದಿಲ್ಲ. ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಬ್ಯಾಂಡ್ ಬದಲಿಸಿ.

ಒಂದೇ ಸಲಕ್ಕೆ ನೂರಾರು ಪುಸ್ತಕ ತುಂಬಬೇಡಿ. ಪ್ರತಿ ಪುಸ್ತಕದ ಪದಗಳನ್ನೂ ಕಿಂಡಲ್ ಸೂಚಿ ಮಾಡಿಕೊಳ್ಳುತ್ತದೆ, ಅಷ್ಟು ಹೊತ್ತು ನಿಧಾನವಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಇಪ್ಪತ್ತು ಮೂವತ್ತರಂತೆ ಹಾಕಿ, ರಾತ್ರಿ ಚಾರ್ಜಿಗೆ ಇಡಿ. ಎರಡು ದಿನವಾದರೂ ಬ್ಯಾಟರಿ ಸೋರುತ್ತಿದ್ದರೆ ಯಾವುದೋ ಕೆಟ್ಟ ಕಡತದ ಮೇಲೆ ಸೂಚಿ ಸಿಕ್ಕಿಕೊಂಡಿದೆ. ಕೊನೆಯಲ್ಲಿ ಹಾಕಿದವನ್ನು ತೆಗೆದು ಮತ್ತೆ ಒಂದೊಂದಾಗಿ ಹಾಕಿ.

ಕೋಬೋಗೆ

ಕೇಬಲ್ ಹಾಕಿದಾಗ ಕೋಬೋ ಪರದೆಯಲ್ಲಿ ‘ಕನೆಕ್ಟ್’ ಒತ್ತಬೇಕು, ಒತ್ತದಿದ್ದರೆ ಬರೀ ಚಾರ್ಜಿಂಗ್. ಡ್ರೈವ್‌ನಲ್ಲಿ ‘ಫಾಂಟ್ಸ್’ ಎಂಬ ಫೋಲ್ಡರ್ ಮಾಡಿ ಫಾಂಟ್ ಹಾಕಿ. ಕಡತದ ಹೆಸರಿನಲ್ಲಿ ಫಾಂಟಿನ ಹೆಸರು, ಅಡ್ಡಗೀಟು, ರೆಗ್ಯುಲರ್ ಅಥವಾ ಬೋಲ್ಡ್ ಎಂಬ ಕ್ರಮ ಇರಬೇಕು, ಆಗಲೇ ಎರಡನ್ನೂ ಒಂದೇ ಕುಟುಂಬವೆಂದು ಅದು ತಿಳಿಯುವುದು.

ಕೋಬೋ ಇಪಬ್ ಓದುವುದು ಒಂದು ಎಂಜಿನ್‌ನಿಂದ, ತನ್ನದೇ ಕೆಪಬ್ ಓದುವುದು ಇನ್ನೊಂದರಿಂದ. ಒಂದರಲ್ಲಿ ಒತ್ತು ಒಡೆದರೂ ಇನ್ನೊಂದರಲ್ಲಿ ಕೂಡಿಕೊಳ್ಳಬಹುದು. ಪರೀಕ್ಷಾ ಪುಟವನ್ನು ಎರಡೂ ಬಗೆಯಲ್ಲಿ ಕಳಿಸಿ ನೋಡಿ. ಕ್ಯಾಲಿಬರ್ 8ರಿಂದ ಕೆಪಬ್ ಬೆಂಬಲ ಒಳಗೇ ಬಂದಿದೆ, ಹಳೆಯದಾದರೆ ಪ್ಲಗಿನ್ ಬೇಕು. ಎರಡರಲ್ಲೂ ಸರಿಯಾಗದಿದ್ದರೆ ಕೋಬೋ ಮೇಲೆ ಕೆಓರೀಡರ್ ಹಾಕಿಕೊಳ್ಳಬಹುದು, ಬೀಗ ಮುರಿಯುವ ಪ್ರಶ್ನೆ ಅಲ್ಲಿಲ್ಲ. ಕಿಂಡಲ್‌ನಲ್ಲಿ ಕೆಓರೀಡರ್ ಬೇಕೆಂದರೆ ಜೈಲ್‌ಬ್ರೇಕ್ ಮಾಡಬೇಕು, ಅಂದರೆ ತಯಾರಕರು ಹಾಕಿದ ಬೀಗ ಮುರಿಯಬೇಕು. ವಾರಂಟಿ ಇರುವ ಸಾಧನಕ್ಕೆ ಅದು ಬೇಡ ಎನ್ನುವುದೇ ನಮ್ಮ ಸಲಹೆ.

ಫೋನಿಗೆ, ಕೇಬಲ್ಲೂ ನೆಟ್ಟೂ ಇಲ್ಲದೆ

ಆಂಡ್ರಾಯ್ಡ್‌ಗೆ ಕನ್ನಡ ಅಕ್ಷರ ಕೂಡಿಸುವುದು ಚೆನ್ನಾಗಿಯೇ ಬರುತ್ತದೆ, ಆದ್ದರಿಂದ ಫೋನಿನಲ್ಲಿ ಒತ್ತಕ್ಷರದ ಚಿಂತೆ ಕಡಿಮೆ. ಸುಲಭವಾದದ್ದು ಬೇಕೆಂದರೆ ರೀಡ್‌ಎರಾ. ಹೆಚ್ಚು ಹಿಡಿತ ಬೇಕೆಂದರೆ ಕೆಓರೀಡರ್. ಎಪಿಕೆ ಇಳಿಸುವಾಗ ಆರ್ಮ್64 ಇರುವುದನ್ನು ಆರಿಸಿ, ತೀರಾ ಹಳೆಯ ಫೋನಿಗೆ ಮಾತ್ರ ಬರೀ ಆರ್ಮ್. ಮೊದಲ ಸಲ ತೆರೆದಾಗ ಎಲ್ಲ ಕಡತ ನೋಡುವ ಅನುಮತಿ ಕೇಳುತ್ತದೆ, ಕೊಡದಿದ್ದರೆ ಪುಸ್ತಕಗಳು ಕಾಣುವುದಿಲ್ಲ. ನಿಮ್ಮ ಫಾಂಟನ್ನು ‘ಕೆಓರೀಡರ್’ ಫೋಲ್ಡರಿನೊಳಗಿನ ‘ಫಾಂಟ್ಸ್’ಗೆ ಹಾಕಿ. ಪುಸ್ತಕ ತೆರೆದು ಕೆಳಗಿನ ಪಟ್ಟಿಯಲ್ಲಿ ‘ಫಾಂಟ್ ಕರ್ನಿಂಗ್’ ಎಂಬುದನ್ನು ‘ಬೆಸ್ಟ್’ಗೆ ಇಡಿ. ‘ಆಫ್’ ಅಥವಾ ‘ಫಾಸ್ಟ್’ನಲ್ಲಿ ಅಕ್ಷರ ಕೂಡಿಸುವ ಭಾಗವೇ ಓಡುವುದಿಲ್ಲ, ಕನ್ನಡ ಪುಡಿಪುಡಿಯಾಗುತ್ತದೆ. ಕೋಬೋ ಮೇಲಿನ ಕೆಓರೀಡರ್‌ಗೂ ಇದೇ ಮಾತು.

ಕರೆಂಟ್ ಹೋಗಿದೆ, ನೆಟ್ ಇಲ್ಲ, ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇದೆ ಎಂದುಕೊಳ್ಳಿ. ಫೋನಿನಲ್ಲಿ ಮೊಬೈಲ್ ಡೇಟಾ ನಿಲ್ಲಿಸಿ, ಹಾಟ್‌ಸ್ಪಾಟ್ ಹಚ್ಚಿ, ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿ. ಕ್ಯಾಲಿಬರ್‌ನಲ್ಲಿ ‘ಕನೆಕ್ಟ್/ಶೇರ್’ ಒಳಗೆ ‘ಸ್ಟಾರ್ಟ್ ಕಂಟೆಂಟ್ ಸರ್ವರ್’ ಒತ್ತಿ. ಅಲ್ಲೇ ಅಂಕಿಗಳಿರುವ ಒಂದು ವಿಳಾಸ, ಕೊನೆಗೆ 8080 ಕಾಣುತ್ತದೆ. ಫೋನಿನ ಬ್ರೌಸರಿನಲ್ಲಿ ಅದನ್ನು ಹಾಗೆಯೇ ಹೊಡೆದರೆ ನಿಮ್ಮ ಇಡೀ ಗ್ರಂಥಾಲಯ ತೆರೆದುಕೊಳ್ಳುತ್ತದೆ, ಬೇಕಾದ್ದನ್ನು ಇಳಿಸಿಕೊಳ್ಳಿ. ಇದಕ್ಕೆ ಇಂಟರ್ನೆಟ್ ಒಂದು ಹನಿಯೂ ಬೇಡ. ಪುಟ ತೆರೆಯದಿದ್ದರೆ ಕಾರಣ ಬಹುತೇಕ ವಿಂಡೋಸ್ ಫೈರ್‌ವಾಲ್: ಹೊಸ ವೈಫೈಯನ್ನು ವಿಂಡೋಸ್ ‘ಪಬ್ಲಿಕ್’ ಎಂದು ಗುರುತಿಸಿ ಬಾಗಿಲು ಹಾಕಿರುತ್ತದೆ. ವೈಫೈ ಗುಣಲಕ್ಷಣಗಳಲ್ಲಿ ಅದನ್ನು ‘ಪ್ರೈವೇಟ್’ ಮಾಡಿ, ಕ್ಯಾಲಿಬರ್‌ಗೆ ಅನುಮತಿ ಕೊಡಿ.

ಯಾವುದೂ ಆಗದಿದ್ದಾಗ: ಸಾಧನದ ಅಳತೆಯ ಪಿಡಿಎಫ್

ಎಲ್ಲ ಪ್ರಯತ್ನದ ನಂತರವೂ ಚಾರ್ಮಾಡಿಯ ಅರ್ಕಾವೊತ್ತು ಜಾಗಕ್ಕೆ ಬರದ ಸಾಧನಗಳಿವೆ. ಅವಕ್ಕೂ ಒಂದು ದಾರಿ ಇದೆ. ಪಿಡಿಎಫ್‌ನಲ್ಲಿ ಅಕ್ಷರ ಕೂಡಿಸುವ ಕೆಲಸ ಕಂಪ್ಯೂಟರಿನಲ್ಲೇ ಮುಗಿದಿರುತ್ತದೆ, ರೀಡರ್ ಅಚ್ಚಾದ ಪುಟವನ್ನು ತೋರಿಸಿದರಾಯಿತು. ಎ4 ಪಿಡಿಎಫ್ ಆರಿಂಚಿನಲ್ಲಿ ಓದಲಾಗದು, ಆದ್ದರಿಂದ ಪುಟವನ್ನೇ ಪರದೆಯಷ್ಟು ಮಾಡಿ.

ಲಿಬ್ರೆಆಫೀಸ್ ರೈಟರ್‌ನಲ್ಲಿ ಯೂನಿಕೋಡ್ ಪಠ್ಯ ತೆರೆದು ‘ಫಾರ್ಮ್ಯಾಟ್’, ‘ಪೇಜ್ ಸ್ಟೈಲ್’ಗೆ ಹೋಗಿ. 6 ಇಂಚಿನ ರೀಡರ್‌ಗೆ ಅಗಲ 9.1, ಎತ್ತರ 12.2 ಸೆಂ.ಮೀ. 6.8 ಇಂಚಿಗೆ 10.4 ಮತ್ತು 13.8. 7 ಇಂಚಿಗೆ 10.7 ಮತ್ತು 14.2. ನಾಲ್ಕೂ ಅಂಚು 0.4 ಸೆಂ.ಮೀ. ಸಾಕು. ಅಕ್ಷರ ನೋಟೋ ಸೆರಿಫ್ ಕನ್ನಡ 12 ಪಾಯಿಂಟ್, ಕಣ್ಣು ಮಂಜಾದ ಹಿರಿಯರಿಗೆ 15 ಅಥವಾ 16, ಸಾಲಿನ ಅಂತರ 1.3. ಫಾಂಟ್ ಗಾತ್ರ ಬದಲಿಸಿದರೂ ಕನ್ನಡ ಹಾಗೇ ಉಳಿದು ಇಂಗ್ಲಿಷ್ ಮಾತ್ರ ಬದಲಾದರೆ, ‘ಟೂಲ್ಸ್’, ‘ಆಪ್ಶನ್ಸ್’, ಭಾಷೆಯ ವಿಭಾಗದಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಹಚ್ಚಿ ಅಲ್ಲಿ ಕನ್ನಡ ಆರಿಸಿ. ಪ್ಯಾರಾ ಶೈಲಿಯ ಫಾಂಟ್ ಪುಟದಲ್ಲಿ ಅದಕ್ಕೆ ಪ್ರತ್ಯೇಕ ಗಾತ್ರ ಇರುತ್ತದೆ. ಆಮೇಲೆ ಪಿಡಿಎಫ್ ಆಗಿ ಹೊರತೆಗೆಯಿರಿ. ಕಿಂಡಲ್‌ಗಾದರೆ ‘ಡಾಕ್ಯುಮೆಂಟ್ಸ್’ ಫೋಲ್ಡರಿಗೆ ನಕಲಿಸಿ.

ಓದುವಾಗ ಅಕ್ಷರದ ಗಾತ್ರ ಬದಲಿಸಲು ಆಗುವುದಿಲ್ಲ ಎನ್ನುವುದು ಇದರ ಕೊರತೆ. ಮನೆಯಲ್ಲಿ ಅಜ್ಜ ಅಜ್ಜಿಯರೂ ಓದುವುದಾದರೆ ಎರಡು ಗಾತ್ರದಲ್ಲಿ ಎರಡು ಪಿಡಿಎಫ್ ಮಾಡಿಟ್ಟುಕೊಳ್ಳಿ, ಹೆಚ್ಚು ಜಾಗ ಹಿಡಿಯುವುದಿಲ್ಲ.

ಮಳೆಗಾಲಕ್ಕೆ ಎರಡು ಮಾತು

ನಕಲು ನಡೆಯುವಾಗ ಕರೆಂಟ್ ಹೋಗಿ ಡೆಸ್ಕ್‌ಟಾಪ್ ಆರಿದರೆ ಇಜೆಕ್ಟ್ ಮಾಡದೆ ಕೇಬಲ್ ಎಳೆದದ್ದಕ್ಕೆ ಸಮ. ಬರೆಯುತ್ತಿದ್ದ ಕಡತ ಅರ್ಧಕ್ಕೆ ನಿಲ್ಲುತ್ತದೆ, ಕೋಬೋದಲ್ಲಿ ಪುಸ್ತಕಪಟ್ಟಿಯ ಡೇಟಾಬೇಸೇ ಕೆಡಬಹುದು. ಯುಪಿಎಸ್ ಇಲ್ಲದ ಮನೆಯಲ್ಲಿ ಈ ಕೆಲಸಕ್ಕೆ ಲ್ಯಾಪ್‌ಟಾಪ್ ಬಳಸಿ. ಹಾಗೆ ಆಗಿಯೇ ಹೋದರೆ ಸಾಧನವನ್ನು ಮತ್ತೆ ಜೋಡಿಸಿ, ಡ್ರೈವ್ ಆಗಿ ಬರುವಂಥದ್ದಾದರೆ ವಿಂಡೋಸ್‌ನ ‘ಎರರ್ ಚೆಕಿಂಗ್’ ಓಡಿಸಿ, ಕೊನೆಗೆ ಹಾಕುತ್ತಿದ್ದ ಪುಸ್ತಕವನ್ನು ಅಳಿಸಿ ಹೊಸದಾಗಿ ಕಳಿಸಿ.

ಜುಲೈ, ಆಗಸ್ಟ್‌ನಲ್ಲಿ ಬಟ್ಟೆಯೇ ಒಣಗದ ಊರುಗಳಲ್ಲಿ ಚಾರ್ಜಿಂಗ್ ತೂತಿನೊಳಗೂ ತೇವ ಕೂರುತ್ತದೆ. ನೀರು ನಿರೋಧಕ ಮಾದರಿಯೇ ಆದರೂ ಒದ್ದೆ ಪೋರ್ಟಿಗೆ ಕೇಬಲ್ ಚುಚ್ಚಿದರೆ ಪಿನ್ನುಗಳು ಕಿಲುಬು ಹಿಡಿಯುತ್ತವೆ. ಓದದ ದಿನಗಳಲ್ಲಿ ಮುಚ್ಚಳ ಬಿಗಿಯಾಗುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಬ್ಯಾಟರಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿರಲಿ. ಪೂರ್ತಿ ಬರಿದಾದ ಬ್ಯಾಟರಿಯನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಮತ್ತೆ ಚಾರ್ಜ್ ಹಿಡಿಯದೇ ಹೋಗಬಹುದು. ಕ್ಯಾಲಿಬರ್ ಫೋಲ್ಡರಿನ ಒಂದು ನಕಲನ್ನು ಬೇರೆ ಪೆನ್‌ಡ್ರೈವ್‌ನಲ್ಲಿ ಇಟ್ಟಿರಿ. ಆ ಫೋಲ್ಡರನ್ನು ಹಾಗೆಯೇ ಮತ್ತೊಂದು ಕಂಪ್ಯೂಟರಿಗೆ ಹಾಕಿ ‘ಸ್ವಿಚ್ ಲೈಬ್ರರಿ’ಯಲ್ಲಿ ತೋರಿಸಿದರೆ ಪುಸ್ತಕ, ಮುಖಪುಟ, ವಿವರ ಎಲ್ಲ ಇದ್ದಂತೆಯೇ ಬರುತ್ತವೆ.